ಕಾಲಿನ ರಕ್ತನಾಳದ ಬ್ಲಾಕ್: ಚಿಕಿತ್ಸೆಯ ಖರ್ಚಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಡೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ಬರುವವರಿಗೂ ಹೆಬ್ಬೆರಳು ಕಪ್ಪಾದ ಮೇಲೆ ಬರುವವರಿಗೂ ಇರುವುದು ಒಂದೇ ಕಾಯಿಲೆ: ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿ ಮುಚ್ಚಿಕೊಳ್ಳುವುದು. ಆದರೆ ಮೊದಲನೆಯವರ ಖರ್ಚು ತಿಂಗಳಿಗೆ ನೂರರ ಲೆಕ್ಕದಲ್ಲಿ ಮುಗಿಯಬಹುದು, ಎರಡನೆಯವರದ್ದು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಮಂಗಳೂರು, ಉಡುಪಿ, ಮಣಿಪಾಲದ ಆಸ್ಪತ್ರೆಗಳಿಗೆ ಬರುವ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಔಷಧಗಳ ವಿಷಯದಲ್ಲಿ ಕೊನೆಯ ಮಾತು ನಿಮ್ಮ ವೈದ್ಯರದ್ದು.

ನನಗೆ "ನರದ ತೊಂದರೆ" ಅಂತ ಹೇಳಿದ್ದರು. ಇದು ಅದೇ ಕಾಯಿಲೆಯಾ?

ನಮ್ಮ ಕಡೆ ಉಬ್ಬಿ ಹಸಿರಾಗಿ ಕಾಣುವ ಸಿರೆಗೂ ನರ ಅನ್ನುತ್ತಾರೆ, ಜೋಮು ಹಿಡಿಸುವ ನರಕ್ಕೂ ನರ ಅನ್ನುತ್ತಾರೆ, ಕಾಲಿಗೆ ರಕ್ತ ಒಯ್ಯುವ ಅಪಧಮನಿಗೂ ನರ ಎಂದೇ ಅನ್ನುತ್ತಾರೆ. ಈ ಗೊಂದಲಕ್ಕೆ ಜನ ತೆರುವ ಬೆಲೆ ಸಣ್ಣದಲ್ಲ. ವಿಟಮಿನ್ ಮಾತ್ರೆ, ಎಣ್ಣೆ ತಿಕ್ಕಿಸುವುದು, ಸೊಂಟದ ಎಂಆರ್‌ಐ ಎಂದು ಒಂದೆರಡು ವರ್ಷ ಕಳೆದುಹೋಗುತ್ತದೆ. ಅಷ್ಟರಲ್ಲಿ ಬ್ಲಾಕ್ ಮೊಣಕಾಲಿನ ಕೆಳಗೂ ಇಳಿದಿರುತ್ತದೆ.

ಅಪಧಮನಿಯ ನೋವಿಗೆ ಒಂದು ಲೆಕ್ಕಾಚಾರ ಉಂಟು. ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ದೂರ ನಡೆದಾಗ ಮೀನಖಂಡ ಅಥವಾ ತೊಡೆ ಬಿಗಿಯುತ್ತದೆ, ಬರೇ ನಿಂತರೂ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಸೊಂಟದ ನರ ಒತ್ತಿ ಬರುವ ನೋವಾದರೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ಉಬ್ಬಿದ ಸಿರೆಯವರಿಗೆ ಸಂಜೆಯ ಹೊತ್ತಿಗೆ ಕಾಲು ಭಾರವಾಗುತ್ತದೆ, ಮೇಲೆತ್ತಿ ಇಟ್ಟರೆ ಹಾಯೆನಿಸುತ್ತದೆ. ಅಪಧಮನಿಯ ಬ್ಲಾಕ್ ಜೋರಾದಾಗ ಇದು ತಿರುಗುಮುರುಗು: ರಾತ್ರಿ ಮಲಗಿದರೆ ಪಾದ ಉರಿಯುತ್ತದೆ, ಮಂಚದಿಂದ ಕೆಳಗೆ ಇಳಿಬಿಟ್ಟರೆ ಸಮಾಧಾನ. ಕಾಲು ಇಳಿಬಿಟ್ಟುಕೊಂಡೇ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದಾರೆ ಎಂದರೆ ತಡ ಮಾಡಬೇಡಿ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಈ ಯಾವ ನೋವೂ ಬರದೆ ಇರಬಹುದು. ಅಂಥವರಲ್ಲಿ ಗುಣವಾಗದ ಹುಣ್ಣೇ ಮೊದಲ ಸುಳಿವು.

ಮೊದಲು ಯಾವ ಪರೀಕ್ಷೆ? ನೇರ ಸಿಟಿ ಆಂಜಿಯೋ ಮಾಡಿಸಿಬಿಡಬಹುದಲ್ಲ?

ಬೇಡ. ಮೊದಲು ಬೇಕಿರುವುದು ಎಬಿಐ, ಅಂದರೆ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ಬರುವ ಸಂಖ್ಯೆ. ಅದಕ್ಕೆ ಬಿಪಿ ಪಟ್ಟಿ, ರಕ್ತ ಹರಿಯುವ ಸದ್ದು ಕೇಳಿಸುವ, ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್, ಕಾಲು ಗಂಟೆ ಸಮಯ ಸಾಕು. 1.00ರಿಂದ 1.40ರ ತನಕ ಸಹಜ. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಬ್ಲಾಕ್ ಉಂಟು. 0.40ಕ್ಕಿಂತ ಕೆಳಗೆ ಹೋದರೆ ಕಾಲಿಗೇ ಅಪಾಯ. 1.40ಕ್ಕಿಂತ ಮೇಲೆ ಬಂದರೆ ರಕ್ತ ಚೆನ್ನಾಗಿದೆ ಎಂದು ತಿಳಿಯಬಾರದು. ಹಳೆಯ ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ಕಾಯಿಲೆಯಲ್ಲಿ ರಕ್ತನಾಳಕ್ಕೆ ಸುಣ್ಣ ಕಟ್ಟಿ ಪಟ್ಟಿಗೆ ಅದುಮಲಾಗುವುದಿಲ್ಲ, ಆಗ ಸಂಖ್ಯೆ ಸುಳ್ಳಾಗಿ ಏರುತ್ತದೆ. ಅಂಥವರಿಗೆ ಹೆಬ್ಬೆರಳಿನ ಒತ್ತಡ ನೋಡಬೇಕು.

ಎಬಿಐ ಕಡಿಮೆ ಬಂದರೆ ಮುಂದಿನದು ಆರ್ಟೀರಿಯಲ್ ಡಾಪ್ಲರ್, ಅಂದರೆ ಅಪಧಮನಿಗಳ ಸ್ಕ್ಯಾನ್. ಚೀಟಿಯಲ್ಲಿ ಬರೇ "ಡಾಪ್ಲರ್" ಎಂದಿದ್ದರೆ ಕೆಲವೊಮ್ಮೆ ಸಿರೆಗಳ ಸ್ಕ್ಯಾನ್ ಮಾಡಿ ಕಳಿಸಿಬಿಡುತ್ತಾರೆ, ಎರಡನೇ ಸಲ ದುಡ್ಡು ಕೊಡಬೇಕಾಗುತ್ತದೆ. ಕೌಂಟರಿನಲ್ಲೇ "ಆರ್ಟೀರಿಯಲ್" ಎಂದು ಬರೆಸಿಕೊಳ್ಳಿ. ಸಿಟಿ ಆಂಜಿಯೋ ಬೇಕಾಗುವುದು ಆಂಜಿಯೋಪ್ಲಾಸ್ಟಿಯನ್ನೋ (ಬಲೂನಿನಿಂದ ನಾಳ ಅಗಲಿಸುವುದು) ಬೈಪಾಸನ್ನೋ (ಬ್ಲಾಕನ್ನು ಬಳಸಿಹೋಗುವಂತೆ ಬೇರೆ ನಾಳ ಜೋಡಿಸುವುದು) ಮಾಡುವುದು ಖಚಿತವಾದ ಮೇಲೆ. ನಾಳ ಕಾಣಲೆಂದು ಅದರಲ್ಲಿ ಚುಚ್ಚುವ ಬಣ್ಣದ ಔಷಧ ಕಿಡ್ನಿಗೆ ಹೊರೆ. ಆದ್ದರಿಂದ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ವರದಿ ಕೈಯಲ್ಲಿರಲಿ. ಇನ್ನೊಂದು ಆಸ್ಪತ್ರೆಯ ಅಭಿಪ್ರಾಯ ಕೇಳಲು ಹೋಗುವಾಗ ವರದಿಯ ಹಾಳೆ ಮಾತ್ರ ಸಾಲದು, ಸ್ಕ್ಯಾನಿನ ಸಿಡಿಯನ್ನೂ ಕೇಳಿ ಪಡೆಯಿರಿ. ಸಿಡಿ ಇಲ್ಲ ಎಂಬ ಒಂದೇ ಕಾರಣಕ್ಕೆ ಮರು ಸ್ಕ್ಯಾನ್ ಮಾಡಿಸಿಕೊಂಡವರು ಬಹಳ ಮಂದಿ.

ಇನ್ನೊಂದು ಮಾತು. ಕಾಲು ಊದಿದೆ ಎಂದು ಬಿಗಿ ಸ್ಟಾಕಿಂಗ್ಸ್ ಕೊಳ್ಳುವ ಮುಂಚೆ ಎಬಿಐ ನೋಡಿಸಿ. ರಕ್ತ ಕಡಿಮೆ ಇರುವ ಕಾಲಿಗೆ ಬಿಗಿ ಸ್ಟಾಕಿಂಗ್ಸ್ ಹಾಕಿದರೆ ಚರ್ಮ ಸತ್ತುಹೋಗಬಹುದು.

ಬರೇ ನಡೆಯುವಾಗ ನೋವು. ಆಪರೇಷನ್ ಇಲ್ಲದೆ ಆಗುತ್ತದಾ? ತಿಂಗಳಿಗೆ ಎಷ್ಟು ಬೇಕು?

ಹೆಚ್ಚಿನವರಿಗೆ ಆಗುತ್ತದೆ, ಮತ್ತು ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಸಿಗುವುದೂ ಈ ಹಂತದಲ್ಲೇ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ 75 ಮಿಲಿಗ್ರಾಂ ಅಥವಾ ಕ್ಲೋಪಿಡೋಗ್ರೆಲ್ 75, ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್ 40ರಿಂದ 80, ಜೊತೆಗೆ ಬಿಪಿ ಮತ್ತು ಶುಗರ್ ಮಾತ್ರೆ. ಆಸ್ಪಿರಿನ್ 75ರ ಒಂದು ಮಾತ್ರೆ ಒಂದು ರೂಪಾಯಿಗೂ ಕಡಿಮೆ. ಉಳಿದವನ್ನು ಜನೌಷಧಿ ಕೇಂದ್ರದಲ್ಲಿ ಕೊಂಡರೆ ಬ್ರ್ಯಾಂಡಿನ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ಹತ್ತಿರದ ಕೇಂದ್ರ ಎಲ್ಲಿದೆ, ಔಷಧದ ಬೆಲೆ ಎಷ್ಟು ಎಂಬುದನ್ನು "ಜನೌಷಧಿ ಸುಗಮ್" ಆ್ಯಪ್‌ನಲ್ಲಿ ನೋಡಬಹುದು. ಚೀಟಿಯಲ್ಲಿ ಔಷಧದ ಮೂಲ ಹೆಸರನ್ನು ಬರೆಸಿಕೊಂಡು ಹೋಗಿ.

ನಡೆಯುವ ದೂರ ಹೆಚ್ಚಿಸಲು ಸಿಲೋಸ್ಟಜೋಲ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಡುವುದುಂಟು. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ತೆಗೆದುಕೊಳ್ಳಬೇಕು. ಹೃದಯ ವೈಫಲ್ಯ ಇರುವವರು ಇದನ್ನು ಮುಟ್ಟಲೇಬಾರದು. ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಮುಂದುವರಿಸಬೇಕೇ ಎಂದು ಕೇಳಿ. ಪೆಂಟಾಕ್ಸಿಫಿಲಿನ್ ಎಂಬ ಮಾತ್ರೆ ಈಗಲೂ ಅನೇಕ ಚೀಟಿಗಳಲ್ಲಿ ಇರುತ್ತದೆ. ನಡಿಗೆಯ ನೋವಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಅದರ ಖರ್ಚು ಉಳಿಸಬಹುದಾ ಎಂದು ವೈದ್ಯರನ್ನು ಕೇಳಿ.

ಎಲ್ಲಕ್ಕಿಂತ ಅಗ್ಗದ ಔಷಧ ನಡಿಗೆ. ಅದನ್ನೂ ಔಷಧದ ಹಾಗೆ ಲೆಕ್ಕವಿಟ್ಟು ಮಾಡಬೇಕು. ವಾರಕ್ಕೆ ಕನಿಷ್ಠ ಮೂರು ದಿನ, ದಿನಕ್ಕೆ 30ರಿಂದ 45 ನಿಮಿಷ, ಕನಿಷ್ಠ 12 ವಾರ. ನೋವು ಚೆನ್ನಾಗಿ ಏರುವ ತನಕ ನಡೆಯಬೇಕು, ನಿಲ್ಲಬೇಕು, ನೋವು ಪೂರ್ತಿ ಹೋದ ಮೇಲೆ ಮತ್ತೆ ನಡೆಯಬೇಕು. ಬಹಳ ಜನ ನೋವು ಶುರುವಾಗುತ್ತಿದ್ದಂತೆ ನಿಲ್ಲಿಸುತ್ತಾರೆ, ಆಮೇಲೆ ಫಲ ಸಿಗಲಿಲ್ಲ ಎನ್ನುತ್ತಾರೆ. ಹೊಟ್ಟೆಯ ಕೆಳಗಿನ ದೊಡ್ಡ ರಕ್ತನಾಳದಲ್ಲಿ ಬ್ಲಾಕ್ ಇದ್ದವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆರು ತಿಂಗಳ ನಂತರ ಮೇಲ್ವಿಚಾರಣೆಯ ನಡಿಗೆ ಮಾಡಿದವರು ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿಸಿಕೊಂಡವರಿಗಿಂತ ಹೆಚ್ಚು ಹೊತ್ತು ನಡೆಯುತ್ತಿದ್ದರು. ಪಾದದಲ್ಲಿ ಹುಣ್ಣು ಇದ್ದರೆ ಅಥವಾ ಸುಮ್ಮನಿದ್ದಾಗಲೂ ನೋವಿದ್ದರೆ ಮಾತ್ರ ಈ ಅಭ್ಯಾಸ ಬೇಡ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಎಲ್ಲಿ ನಡೆಯುವುದು?

ಛಾವಣಿ ಇರುವ ಸಮತಟ್ಟು ಜಾಗ ಸಾಕು. ಮನೆಯ ಉದ್ದ ಜಗಲಿ, ಖಾಲಿ ಇರುವ ಸಭಾಭವನ, ಅಪಾರ್ಟ್‌ಮೆಂಟಿನ ಪಾರ್ಕಿಂಗ್. ಪಾಚಿ ಕಟ್ಟಿದ ಅಂಗಳ ಬೇಡ. ಕಾಲು ಒದ್ದೆಯಾದರೆ ಬೆರಳ ಸಂದು ಒರೆಸಿ ಒಣಗಿಸಿ. ರಕ್ತ ಕಡಿಮೆ ಇರುವ ಪಾದದಲ್ಲಿ ಬೆರಳ ಸಂದಿನ ಕೆಸರುಹುಣ್ಣೂ ಗ್ಯಾಂಗ್ರೀನಿಗೆ ದಾರಿಯಾಗುತ್ತದೆ. ಬೇಸಿಗೆಯಲ್ಲಿ ದೇವಸ್ಥಾನದ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬಂದು ಅಂಗಾಲು ಬೊಬ್ಬೆ ಬಂದದ್ದೇ ಗೊತ್ತಾಗದ ಸಕ್ಕರೆ ಕಾಯಿಲೆಯವರು ಇದ್ದಾರೆ. ಬೆಳಿಗ್ಗೆ ಕಲ್ಲು ತಣ್ಣಗಿರುವಾಗಲೇ ಹೋಗಿಬನ್ನಿ.

ಒಂದೇ ಆಸ್ಪತ್ರೆ, ಒಂದೇ ಆಂಜಿಯೋಪ್ಲಾಸ್ಟಿ. ಪಕ್ಕದ ಮನೆಯವರ ಬಿಲ್ಲಿಗೂ ನಮ್ಮದಕ್ಕೂ ಯಾಕೆ ಇಷ್ಟು ಅಂತರ?

ಕಾಲಿನ ಆಂಜಿಯೋಪ್ಲಾಸ್ಟಿಯ ಬಿಲ್ಲಿನಲ್ಲಿ ದೊಡ್ಡ ಪಾಲು ಒಳಗೆ ಬಳಸುವ ಸಾಮಾನಿನದ್ದು. ಯಾವ ಸಾಮಾನು ಎಷ್ಟು ಬೇಕಾಗುತ್ತದೆ ಎಂಬುದು ಬ್ಲಾಕಿನ ಉದ್ದ, ಜಾಗ ಮತ್ತು ಗಡಸುತನವನ್ನು ಅವಲಂಬಿಸಿದೆ.

ಸಾಮಾನ್ಯವಾಗಿ ತೊಡೆಸಂದಿಯಲ್ಲಿ ಸೂಜಿ ಚುಚ್ಚಿ ಶೀತ್ ಎಂಬ ಕೊಳವೆ ಇಡುತ್ತಾರೆ. ಅದರೊಳಗಿಂದ ಗೈಡ್‌ವೈರ್ ಎಂಬ ತೆಳ್ಳನೆ ತಂತಿ ಹೋಗಿ ಬ್ಲಾಕನ್ನು ದಾಟಬೇಕು. ದಾಟಿದ ಮೇಲೆ ಬಲೂನ್ ಊದಿ ಅಗಲಿಸುತ್ತಾರೆ. ಸೊಂಟದ ಕೆಳಗಿನ ಇಲಿಯಾಕ್ ನಾಳದಲ್ಲಿ ಎರಡು ಅಂಗುಲದ ಬ್ಲಾಕ್ ಇದ್ದರೆ ಒಂದು ವೈರ್, ಒಂದು ಬಲೂನ್, ಒಂದು ಸ್ಟೆಂಟಿಗೆ ಕೆಲಸ ಮುಗಿಯಬಹುದು. ತೊಡೆಯ ಉದ್ದಕ್ಕೂ ನಾಳ ಮುಚ್ಚಿ ಸುಣ್ಣಗಟ್ಟಿದ್ದರೆ ಕತೆಯೇ ಬೇರೆ. ಮೊದಲ ವೈರ್ ದಾಟದೆ ಗಟ್ಟಿಯಾದ ಇನ್ನೊಂದು ಬೇಕು, ಅದಕ್ಕೆ ಆಸರೆಯಾಗಿ ಕ್ಯಾಥೆಟರ್ ಎಂಬ ತೆಳ್ಳನೆ ಕೊಳವೆ ಬೇಕು, ಕೆಲವೊಮ್ಮೆ ಪಾದದ ಕಡೆಯಿಂದಲೂ ಚುಚ್ಚಿ ಮೇಲಕ್ಕೆ ಬರಬೇಕು. ಬಲೂನ್ ಊದಿದಾಗ ನಾಳದ ಒಳಪದರ ಸೀಳಿ ರಕ್ತಕ್ಕೆ ಅಡ್ಡ ಬಂದರೆ ಯೋಜನೆಯಲ್ಲಿಲ್ಲದ ಸ್ಟೆಂಟ್ ಹಾಕಲೇಬೇಕಾಗುತ್ತದೆ. ಮತ್ತೆ ಮುಚ್ಚದಂತೆ ಔಷಧ ಲೇಪಿಸಿದ ಬಲೂನ್ ಬಳಸಿದರೆ ಅದು ಸಾದಾ ಬಲೂನಿಗಿಂತ ಹಲವು ಪಟ್ಟು ದುಬಾರಿ. ಇವೆಲ್ಲ ಬಿಲ್ಲಿನಲ್ಲಿ ಬೇರೆ ಬೇರೆ ಸಾಲುಗಳಾಗಿ ಕೂರುತ್ತವೆ. ಮೊಣಕಾಲಿನ ಕೆಳಗಿನ ಮೂರು ಸಣ್ಣ ನಾಳಗಳಲ್ಲಿ ಎಷ್ಟನ್ನು ತೆರೆಯುತ್ತಾರೆ ಎಂಬುದರ ಮೇಲೂ ಖರ್ಚು ಏರುತ್ತದೆ.

ನಂತರದ ತೊಂದರೆಗಳಿಂದಲೂ ಬಿಲ್ ಬೆಳೆಯುತ್ತದೆ. ತೊಡೆಸಂದಿಯಲ್ಲಿ ರಕ್ತ ಕಟ್ಟಿದರೆ ಎರಡು ದಿನದ ವಾಸ ಐದು ದಿನವಾಗುತ್ತದೆ. ಕಿಡ್ನಿ ಮೊದಲೇ ಸೋತಿದ್ದರೆ ಬಣ್ಣದ ಔಷಧದಿಂದ ಕ್ರಿಯಾಟಿನಿನ್ ಏರಿ ಡಯಾಲಿಸಿಸ್ ಕೂಡ ಬೇಕಾಗಬಹುದು. ಹಿಂದಿನ ದಿನ ಶರೀರದಲ್ಲಿ ನೀರಿನಂಶ ಸಾಕಷ್ಟಿದೆಯಾ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕಾ ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ.

ಹೃದಯದ ಸ್ಟೆಂಟಿಗೆ ಸರ್ಕಾರ ಬೆಲೆ ಕಟ್ಟಿದೆಯಲ್ಲ, ಕಾಲಿನದ್ದಕ್ಕೂ ಅದೇ ಬೆಲೆಯಾ?

ಅಲ್ಲ. 2017ರ ಫೆಬ್ರವರಿಯಲ್ಲಿ ಗರಿಷ್ಠ ಬೆಲೆ ನಿಗದಿಯಾದದ್ದು ಹೃದಯದ ಸ್ಟೆಂಟಿಗೆ: ಆಗ ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತಕ್ಕೆ 29,600 ರೂಪಾಯಿ, ತೆರಿಗೆ ಬೇರೆ. ಕಾಲಿನ ಸ್ಟೆಂಟ್, ಕಾಲಿನ ಬಲೂನ್ ಆ ಮಿತಿಯೊಳಗೆ ಬರಲಿಲ್ಲ. ತಯಾರಕರು ಹನ್ನೆರಡು ತಿಂಗಳಲ್ಲಿ ಎಂಆರ್‌ಪಿಯನ್ನು ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ನಿಯಮ ಮಾತ್ರ ಅವಕ್ಕೆ ಅನ್ವಯಿಸುತ್ತದೆ. ಆದ್ದರಿಂದ "ಸ್ಟೆಂಟ್ ಮೂವತ್ತು ಸಾವಿರದೊಳಗೆ" ಎಂದು ಲೆಕ್ಕ ಹಾಕಿ ಬಂದವರು ಬಿಲ್ ನೋಡಿ ಕಂಗಾಲಾಗುತ್ತಾರೆ.

ಎಂಆರ್‌ಪಿ ಎಂದರೆ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಸಾಮಾನು ಬಳಸುವ ಮೊದಲೇ ಮಾತಾಡಿ. ಬಳಸಿದ ಪ್ರತಿಯೊಂದು ಬಲೂನ್, ಸ್ಟೆಂಟಿನ ಡಬ್ಬದ ಮೇಲೆ ಹೆಸರು, ಅಳತೆ, ಬ್ಯಾಚ್ ಸಂಖ್ಯೆ ಇರುವ ಸ್ಟಿಕರ್ ಇರುತ್ತದೆ. ಅವನ್ನು ಬಿಲ್ಲಿನ ಜೊತೆ ಅಂಟಿಸಿ ಕೊಡಲು ಹೇಳಿ. ವಿಮೆ ಕ್ಲೇಮಿಗೂ ಬೇಕು, ಮುಂದೆ ಅದೇ ಕಾಲಿಗೆ ಕೈ ಹಾಕುವ ವೈದ್ಯರಿಗೂ ಬೇಕು.

ಆಂಜಿಯೋಪ್ಲಾಸ್ಟಿ ಅಗ್ಗವಾ, ಬೈಪಾಸ್ ಅಗ್ಗವಾ?

ಇದಕ್ಕೆ ಒಂದೇ ಸಾಲಿನ ಉತ್ತರ ಕೊಡುವವರನ್ನು ನಂಬಬೇಡಿ. ಬೈಪಾಸಿನಲ್ಲಿ ಸಾಮಾನಿನ ಖರ್ಚು ಕಡಿಮೆ, ಆಸ್ಪತ್ರೆ ವಾಸದ ಖರ್ಚು ಹೆಚ್ಚು. ರೋಗಿಯದ್ದೇ ಕಾಲಿನ ಸಿರೆ ತೆಗೆದು ಜೋಡಿಸಿದರೆ ಕೃತಕ ನಾಳಕ್ಕೆ ದುಡ್ಡು ಕೊಡಬೇಕಿಲ್ಲ, ಮೊಣಕಾಲಿನ ಕೆಳಗೆ ಅದು ಕೃತಕ ನಾಳಕ್ಕಿಂತ ಹೆಚ್ಚು ಕಾಲ ತೆರೆದಿರುತ್ತದೆ. ಆದರೆ ಅರಿವಳಿಕೆ, ಐಸಿಯು, ಒಂದು ವಾರದ ವಾಸ, ಗಾಯ ಮಾಯಲು ಇನ್ನಷ್ಟು ದಿನ, ಮನೆಯವರೊಬ್ಬರ ರಜೆ ಎಲ್ಲ ಸೇರುತ್ತದೆ. ಆಂಜಿಯೋಪ್ಲಾಸ್ಟಿಯಲ್ಲಿ ಬೇಗ ಮನೆಗೆ ಹೋಗಬಹುದು. ಉದ್ದದ ಬ್ಲಾಕ್ ಆಗಿದ್ದರೆ ಅದು ಮತ್ತೆ ಮುಚ್ಚಿ ಎರಡನೇ ಸಲ ಬರಬೇಕಾಗುವ ಸಂಭವ ಹೆಚ್ಚು. ಆದ್ದರಿಂದ ಎರಡು ವರ್ಷದ ಒಟ್ಟು ಲೆಕ್ಕ ಹಾಕಬೇಕು, ಮೊದಲ ಬಿಲ್ಲಿನದ್ದು ಮಾತ್ರವಲ್ಲ.

ಕಾಲಿಗೆ ಅಪಾಯವಿದ್ದ ರೋಗಿಗಳ ಮೇಲೆ ಎರಡು ದೊಡ್ಡ ಅಧ್ಯಯನಗಳು ನಡೆದಿವೆ. 2022ರಲ್ಲಿ ಬಂದ ಬೆಸ್ಟ್-ಸಿಎಲ್ಐ ಪ್ರಕಾರ, ಒಳ್ಳೆಯ ಉದ್ದದ ಸಿರೆ ಸಿಗುವವರಲ್ಲಿ ಮೊದಲು ಬೈಪಾಸ್ ಮಾಡಿದವರಿಗೆ ಕಾಲಿನ ದೊಡ್ಡ ತೊಂದರೆ ಅಥವಾ ಸಾವು ಕಡಿಮೆ. 2023ರ ಬೇಸಿಲ್-2 ಮೊಣಕಾಲಿನ ಕೆಳಗಿನ ಕಾಯಿಲೆಯವರನ್ನು ನೋಡಿತು. ಅಲ್ಲಿ ಮೊದಲು ಆಂಜಿಯೋಪ್ಲಾಸ್ಟಿ ಮಾಡಿದವರೇ ಹೆಚ್ಚು ಮಂದಿ ಕಾಲು ಉಳಿಸಿಕೊಂಡು ಬದುಕಿದ್ದರು. ಎರಡನ್ನೂ ಒಟ್ಟಿಗೆ ಓದಿದರೆ ಕೇಳಬೇಕಾದ ಪ್ರಶ್ನೆ ಹೊಳೆಯುತ್ತದೆ: "ಇವರ ಸಿರೆಯ ಸ್ಕ್ಯಾನ್ ಮಾಡಿದ್ದೀರಾ? ಸಿರೆ ಮೂರು ಮಿಲಿಮೀಟರಿನಷ್ಟಾದರೂ ಇದೆಯಾ? ಹೃದಯ ಆಪರೇಷನ್ ತಡೆಯುತ್ತದಾ?"

ಅಂದಾಜು ಖರ್ಚು ಕೇಳುವಾಗ ಏನೇನು ಕೇಳಬೇಕು?

ಬಿಲ್ಲಿಂಗ್ ಕೌಂಟರಿನಲ್ಲಿ "ಒಟ್ಟು ಎಷ್ಟಾಗುತ್ತದೆ" ಎಂದು ಕೇಳಿದರೆ ಸಿಗುವುದು ಎಲ್ಲ ಸರಾಗವಾದರೆ ಆಗುವ ಮೊತ್ತ. ಬರವಣಿಗೆಯಲ್ಲಿ ಎರಡು ಅಂಕಿ ಕೇಳಿ: ಬರೇ ಬಲೂನಿಗೆ ಮುಗಿದರೆ ಎಷ್ಟು, ಒಂದು ಸ್ಟೆಂಟ್ ಬೇಕಾದರೆ ಎಷ್ಟು. ವೈರ್ ದಾಟದೆ ವಾಪಸು ಬಂದರೆ ಎಷ್ಟು ಕೊಡಬೇಕು ಎಂಬುದನ್ನೂ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಹಾಗಾಗುವುದುಂಟು. ಡಯಗ್ನೋಸ್ಟಿಕ್ ಆಂಜಿಯೋಗ್ರಾಂ (ಬ್ಲಾಕ್ ಎಲ್ಲಿದೆ ಎಂದು ನೋಡುವುದು) ಮತ್ತು ಆಂಜಿಯೋಪ್ಲಾಸ್ಟಿ ಒಂದೇ ಸಲಕ್ಕೆ ಆಗುತ್ತದಾ, ಇವನ್ನು ಮಾಡುವ ಕೋಣೆಯ, ಅಂದರೆ ಕ್ಯಾಥ್‌ಲ್ಯಾಬಿನ, ಚಾರ್ಜ್ ಎರಡು ಸಲ ಬೀಳುತ್ತದಾ ಎಂಬುದೂ ಮುಖ್ಯ. ಹುಣ್ಣು ಇದ್ದರೆ ಅದನ್ನು ಕೆರೆದು ತೆಗೆಯುವುದು, ಬೆರಳು ತೆಗೆಯುವುದು ಈ ಅಂದಾಜಿನಲ್ಲಿ ಸೇರಿದೆಯಾ ಎಂದು ಕೇಳಿ. ಬಹುತೇಕ ಸೇರಿರುವುದಿಲ್ಲ.

ನಮ್ಮದು ಬಿಪಿಎಲ್ ಕಾರ್ಡ್. ಪೂರ್ತಿ ಉಚಿತವಾ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಅದು ಇಡೀ ಮನೆಗೆ ಸೇರಿ, ಒಬ್ಬೊಬ್ಬರಿಗೆ ಅಲ್ಲ. ಯೋಜನೆ ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಜನ ಎಡವುವುದು ರೆಫರಲ್‌ನಲ್ಲಿ. ತುರ್ತಲ್ಲದ ಚಿಕಿತ್ಸೆಗೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಆಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ: ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಉಳಿದವರಿಗೆ ತಾಲೂಕು ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಸಿಗದಿದ್ದರೆ ನೋಂದಾಯಿತ ಆಸ್ಪತ್ರೆಗೆ ರೆಫರಲ್ ಚೀಟಿ ಕೊಡುತ್ತಾರೆ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಖಾಸಗಿಯಲ್ಲಿ ದಾಖಲಾಗಿ, ಮುಂಗಡ ಕಟ್ಟಿ, ಮೂರನೇ ದಿನ ಕಾರ್ಡ್ ತೋರಿಸಿದರೆ ಕಟ್ಟಿದ ಹಣ ವಾಪಸು ಬರುವುದು ಕಷ್ಟ. ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದುಕೊಂಡು ಮೊದಲ ದಿನವೇ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೇಜಿಗೆ ಹೋಗಿ. ರೇಷನ್ ಕಾರ್ಡಿನಲ್ಲಿ ರೋಗಿಯ ಹೆಸರಿದೆಯಾ, ಆಧಾರಿನ ಹೆಸರಿಗೂ ಅದಕ್ಕೂ ತಾಳೆಯಾಗುತ್ತದಾ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಮಂಜೂರಾದ ಪ್ಯಾಕೇಜಿನೊಳಗೆ (ಒಂದು ಚಿಕಿತ್ಸೆಗೆ ಸರ್ಕಾರ ಕಟ್ಟಿದ ಒಟ್ಟು ದರ) ಔಷಧ, ಪರೀಕ್ಷೆ, ಊಟ ಸೇರುತ್ತದೆ. ಎಷ್ಟು ಬಲೂನ್, ಎಷ್ಟು ಸ್ಟೆಂಟಿಗೆ ಮಂಜೂರಾತಿ ಬಂದಿದೆ ಎಂದು ಮೊದಲೇ ತಿಳಿದುಕೊಳ್ಳಿ. ಪ್ಯಾಕೇಜಿನ ಮೇಲೆ ಹಣ ಕೇಳಿದರೆ ರಸೀದಿ ಕೇಳಿ, ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿ. ವಾರಗಟ್ಟಲೆ ನಡೆಯುವ ಡ್ರೆಸ್ಸಿಂಗ್, ಬಸ್ ಖರ್ಚು, ಕೂಲಿ ನಷ್ಟ ಯಾವ ಪ್ಯಾಕೇಜಿಗೂ ಬರುವುದಿಲ್ಲ. ಬೈಂದೂರಿನಿಂದಲೋ ಸುಳ್ಯದಿಂದಲೋ ಇಬ್ಬರು ಬಂದುಹೋಗುವ ಖರ್ಚಿಗೆ ಬೇರೆಯೇ ಹಣ ತೆಗೆದಿಡಬೇಕು.

ಎಪಿಎಲ್ ಆದರೆ?

ಅದೇ ಯೋಜನೆಯಲ್ಲಿ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇಕಡಾ 30, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಗಮನಿಸಿ: ಸರ್ಕಾರದ ಪ್ಯಾಕೇಜ್ ದರದ 30, ಆಸ್ಪತ್ರೆ ಬಿಲ್ಲಿನ 30 ಅಲ್ಲ. ಪ್ಯಾಕೇಜ್ ದರ 60,000 ರೂಪಾಯಿ ಎಂದುಕೊಂಡರೆ ಸರ್ಕಾರದಿಂದ ಸಿಗುವುದು 18,000. ಉಳಿದದ್ದು ನಿಮ್ಮ ಕೈಯಿಂದ.

ಯಶಸ್ವಿನಿ, ಇಎಸ್‌ಐ, ಆಸ್ಪತ್ರೆಗಳ ಹೆಲ್ತ್ ಕಾರ್ಡ್ ಯಾವುದಕ್ಕೆ ಉಪಯೋಗ?

ಯಶಸ್ವಿನಿ ಆರೋಗ್ಯ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ. ನಮ್ಮ ಎರಡು ಜಿಲ್ಲೆಗಳಲ್ಲಿ ಕೃಷಿ ಪತ್ತಿನ ಸಂಘವೋ ಹಾಲಿನ ಸೊಸೈಟಿಯೋ ಇಲ್ಲದ ಊರು ಹುಡುಕಿದರೂ ಸಿಗುವುದು ಕಷ್ಟ. ಆದರೂ ಬಹಳ ಮನೆಯವರು ಇದನ್ನು ಮರೆಯುತ್ತಾರೆ. ಯೋಜನೆ ಮತ್ತೆ ಶುರುವಾದಾಗ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂಪಾಯಿ, ನಗರದವರಿಗೆ 1,000, ಮಿತಿ ವರ್ಷಕ್ಕೆ 5 ಲಕ್ಷ. ನೋಂದಣಿಗೆ ನಿಗದಿತ ಅವಧಿ ಮಾತ್ರ ಇರುತ್ತದೆ. ಕಾಲು ಕಪ್ಪಾದ ಮೇಲೆ ಸೊಸೈಟಿಗೆ ಓಡಿದರೆ ಪ್ರಯೋಜನವಿಲ್ಲ.

ತಿಂಗಳ ಸಂಬಳ 21,000 ರೂಪಾಯಿಯೊಳಗಿನ ನೌಕರರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅದರ ಮೂಲಕ ತಂದೆತಾಯಿಗೂ, ಅವರು ನಿಮ್ಮ ಆಶ್ರಯದಲ್ಲಿದ್ದರೆ, ಚಿಕಿತ್ಸೆ ಸಿಗುತ್ತದೆ. ಗೋಡಂಬಿ ಕಾರ್ಖಾನೆ, ಟೆಕ್ಸ್‌ಟೈಲ್ ಮಳಿಗೆ, ಶೋರೂಂಗಳಲ್ಲಿ ಕೆಲಸ ಮಾಡುವ ಮಕ್ಕಳು ತಮ್ಮ ಕಾರ್ಡಿನಲ್ಲಿ ಅಪ್ಪ ಅಮ್ಮನ ಹೆಸರು ಸೇರಿಸಿದ್ದಾರಾ ಎಂದು ನೋಡಿ.

ಮಣಿಪಾಲ ಆರೋಗ್ಯ ಕಾರ್ಡಿನಂಥವು ವಿಮೆಯಲ್ಲ, ರಿಯಾಯಿತಿ ಕಾರ್ಡುಗಳು. ಮತ್ತೆ ಮತ್ತೆ ತೋರಿಸಲು ಹೋಗುವವರಿಗೆ, ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸುವವರಿಗೆ ಅವು ಉಪಯುಕ್ತ. ಸ್ಟೆಂಟ್, ಬಲೂನಿಗೂ ರಿಯಾಯಿತಿ ಇದೆಯಾ ಎಂದು ಕಾರ್ಡಿನ ಷರತ್ತು ಓದಿ ನೋಡಬೇಕು.

ಖಾಸಗಿ ವಿಮೆ ಉಂಟು. ಯಾವಾಗ ಕೈಕೊಡುತ್ತದೆ?

ಮುಖ್ಯವಾಗಿ ಎರಡು ಕಡೆ. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು ಸೇದುವುದನ್ನು ಪಾಲಿಸಿ ಮಾಡಿಸುವಾಗ ಮುಚ್ಚಿಟ್ಟಿದ್ದರೆ ಕ್ಲೇಮ್ ತಿರಸ್ಕಾರವಾಗಬಹುದು. ಹೇಳಿದ್ದರೆ ಕಾಯಬೇಕಾದ ಅವಧಿ ಈಗ ಹೆಚ್ಚೆಂದರೆ 36 ತಿಂಗಳು. ಹೇಳಿದವರಿಗೇ ಲಾಭ.

ಇನ್ನೊಂದು ಕೋಣೆಯ ಬಾಡಿಗೆ. ಪಾಲಿಸಿಯಲ್ಲಿ ದಿನಕ್ಕೆ 4,000 ರೂಪಾಯಿಯ ಕೋಣೆಗೆ ಅರ್ಹತೆ ಇದ್ದು ನೀವು 8,000ದ ಕೋಣೆ ತೆಗೆದುಕೊಂಡರೆ, ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಮುಂತಾದವನ್ನೂ ಅರ್ಧಕ್ಕೆ ಇಳಿಸಬಹುದು. ಅವುಗಳ ಮೊತ್ತ 60,000 ಇದ್ದರೆ 30,000 ನಿಮ್ಮ ತಲೆಗೆ. ಆದರೆ ಔಷಧ, ಇಂಪ್ಲಾಂಟ್, ಸಾಧನಗಳು, ಪರೀಕ್ಷೆಗಳ ಮೇಲೆ ಈ ಕಡಿತ ಮಾಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಹೇಳಿದೆ. ಕಾಲಿನ ಆಂಜಿಯೋಪ್ಲಾಸ್ಟಿಯಲ್ಲಿ ದೊಡ್ಡ ಮೊತ್ತ ಸಾಧನಗಳದ್ದೇ ಆದ್ದರಿಂದ ಈ ನಿಯಮ ನೆನಪಿಟ್ಟುಕೊಳ್ಳಿ, ಕಡಿತ ಮಾಡಿದ್ದರೆ ಬರವಣಿಗೆಯಲ್ಲಿ ಪ್ರಶ್ನಿಸಿ. ದಿನಕ್ಕೆ 5,000 ರೂಪಾಯಿಗಿಂತ ಹೆಚ್ಚಿನ ಕೋಣೆಗೆ, ಐಸಿಯು ಬಿಟ್ಟು, 2022ರ ಜುಲೈಯಿಂದ ಶೇಕಡಾ 5 ಜಿಎಸ್‌ಟಿ ಬೇರೆ.

ವಿಮೆಯೇ ಇಲ್ಲದ ಹಿರಿಯರ ಚಿಕಿತ್ಸೆಗೆ ನಗದಲ್ಲದ ರೀತಿಯಲ್ಲಿ ಕೊಟ್ಟ ಹಣಕ್ಕೆ, ಹಳೆಯ ತೆರಿಗೆ ಪದ್ಧತಿಯಲ್ಲಿ 80ಡಿ ಅಡಿ 50,000 ರೂಪಾಯಿವರೆಗೆ ವಿನಾಯಿತಿ ಪಡೆಯಬಹುದು. ಬಿಲ್ಲುಗಳನ್ನು ಎಸೆಯಬೇಡಿ.

ಕಾಲು ಇದ್ದಕ್ಕಿದ್ದಂತೆ ತಣ್ಣಗಾಯಿತು, ಬಿಳಚಿಕೊಂಡಿತು. ಬೆಳಗಾಗಲಿ ಅಂತ ಕಾಯಬಹುದಾ?

ಕಾಯಬಾರದು. ಇದು ಹೃದಯದಿಂದಲೋ ಮೇಲಿನ ನಾಳದಿಂದಲೋ ಹೆಪ್ಪು ಜಾರಿ ಬಂದು ಸಿಕ್ಕಿಕೊಂಡದ್ದಿರಬಹುದು. ರಕ್ತ ಪೂರ್ತಿ ನಿಂತ ಸ್ನಾಯು ಸುಮಾರು ಆರು ಗಂಟೆಯಲ್ಲಿ ಸಾಯಲು ಶುರುವಾಗುತ್ತದೆ. ಆ ಹೊತ್ತಿನೊಳಗೆ ತಲುಪಿದರೆ ಬಲೂನ್ ಇರುವ ಸಣ್ಣ ಕ್ಯಾಥೆಟರಿನಿಂದ ಹೆಪ್ಪು ಎಳೆದು ತೆಗೆದು ಕಾಲು ಉಳಿಸಬಹುದು. ತಡವಾದರೆ ಸ್ನಾಯುವಿನ ಪೊರೆ ಸೀಳುವ ಆಪರೇಷನ್, ಕಿಡ್ನಿ ಕೈಕೊಟ್ಟು ಡಯಾಲಿಸಿಸ್, ಕೊನೆಗೆ ಕಾಲು ತೆಗೆಯುವುದು. ಖರ್ಚು ಎಷ್ಟೋ ಪಟ್ಟು ಹೆಚ್ಚು, ಫಲ ಕಡಿಮೆ.

108ಕ್ಕೆ ಕರೆ ಮಾಡಿ, ಅದು ಉಚಿತ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ "ವ್ಯಾಸ್ಕ್ಯುಲರ್ ಸರ್ಜನ್ (ರಕ್ತನಾಳದ ಶಸ್ತ್ರಚಿಕಿತ್ಸಕರು) ಈಗ ಇದ್ದಾರಾ" ಎಂದು ಕೇಳಿ. ಕುಂದಾಪುರದಿಂದ ಹೊರಟು ದಾರಿಯಲ್ಲಿ ಮೂರು ಆಸ್ಪತ್ರೆ ಹತ್ತಿ ಇಳಿದರೆ ಆ ಆರು ಗಂಟೆ ಹೆದ್ದಾರಿಯಲ್ಲೇ ಮುಗಿಯುತ್ತದೆ. ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ, ತಿಕ್ಕಬೇಡಿ.

ಕಾಲು ತೆಗೆಸಿದರೆ ಒಂದೇ ಸಲದ ಖರ್ಚಲ್ಲವೇ? ಉಳಿಸಲು ಹೋಗಿ ಮನೆ ಮಾರಬೇಕಾ?

ದುಡ್ಡಿಲ್ಲದ ಮನೆಯವರು ಕಣ್ಣೀರಿಟ್ಟು ಕೇಳುವ ಪ್ರಶ್ನೆ ಇದು, ಪ್ರಾಮಾಣಿಕ ಉತ್ತರ ಬೇಕು. ಸೋಂಕು ಮೈಗೇರಿದ್ದರೆ ಅಥವಾ ಪಾದವೇ ಉಳಿದಿಲ್ಲದಿದ್ದರೆ ಕಾಲು ತೆಗೆಯುವುದೇ ಜೀವ ಉಳಿಸುವ ದಾರಿ. ಆಗ ಉಳಿಸುವ ಹೆಸರಿನಲ್ಲಿ ಲಕ್ಷಗಟ್ಟಲೆ ಸುರಿಯುವುದು ತಪ್ಪು.

ಉಳಿಸಬಹುದಾದ ಕಾಲನ್ನು ಖರ್ಚಿನ ಭಯಕ್ಕೆ ತೆಗೆಸಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ರಕ್ತ ಸರಿಪಡಿಸದೆ ಕೆಳಗೆ ಕತ್ತರಿಸಿದ ಗಾಯ ಮಾಯದೆ ಮತ್ತೊಮ್ಮೆ ಮೇಲೆ ಕತ್ತರಿಸಬೇಕಾಗಬಹುದು. ಉಳಿದ ಮೋಟು ಮೊದಲ ವರ್ಷ ಕುಗ್ಗುತ್ತಾ ಹೋಗುವುದರಿಂದ ಕೃತಕ ಕಾಲಿನ ಸಾಕೆಟ್ ಬದಲಿಸಬೇಕು, ಕೆಲವು ವರ್ಷಕ್ಕೊಮ್ಮೆ ಇಡೀ ಕಾಲನ್ನೇ. ಮನೆಯಲ್ಲಿ ಎತ್ತರದ ಜಗಲಿಗೆ ಇಳಿಜಾರು, ಶೌಚಾಲಯಕ್ಕೆ ಕಮೋಡ್ ಮತ್ತು ಹಿಡಿಕೆ ಬೇಕು. ನೋಡಿಕೊಳ್ಳುವವರ ದುಡಿಮೆ ನಿಲ್ಲುತ್ತದೆ. ಇಡೀ ಭಾರ ಹೊರಬೇಕಾದ ಇನ್ನೊಂದು ಕಾಲಿನ ರಕ್ತನಾಳವೂ ಸಾಮಾನ್ಯವಾಗಿ ಸರಿಯಿರುವುದಿಲ್ಲ. ಮೊಣಕಾಲು ಉಳಿಸಿ ಕೆಳಗೆ ತೆಗೆದರೆ ಕೃತಕ ಕಾಲಲ್ಲಿ ನಡೆಯುವ ಶ್ರಮ ಬಹಳ ಕಡಿಮೆ. ಕತ್ತರಿಸುವ ಮುಂಚೆ ಮೊಣಕಾಲು ಉಳಿಯುವಷ್ಟು ರಕ್ತ ಕೊಡಿಸಲು ಆಗುತ್ತದಾ ಎಂದು ವ್ಯಾಸ್ಕ್ಯುಲರ್ ಸರ್ಜನ್ ಒಬ್ಬರನ್ನು ಕೇಳಿಯೇ ಸಹಿ ಹಾಕಿ.

ಕಾಲು ಹೋದ ಮೇಲೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯಕ್ಕೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಆದಾಯ ಮಿತಿಯೊಳಗಿನವರಿಗೆ ಕೃತಕ ಕಾಲು ಉಚಿತವಾಗಿ ಸಿಗುತ್ತದೆ. ಜೈಪುರ ಕಾಲಿನ ಶಿಬಿರಗಳಲ್ಲೂ ಉಚಿತ.

ಆಪರೇಷನ್ ಇಲ್ಲದೆ ಬ್ಲಾಕ್ ಕರಗಿಸುತ್ತೇವೆ ಎಂಬ ಪ್ಯಾಕೇಜುಗಳು?

ಡ್ರಿಪ್ಪಿನಲ್ಲಿ ಕೊಡುವ ಕೀಲೇಶನ್ ಚಿಕಿತ್ಸೆಯಿಂದ ಕಾಲಿನ ಬ್ಲಾಕ್ ಕರಗುತ್ತದೆ ಎಂಬುದು ಸಾಬೀತಾಗಿಲ್ಲ. ಹತ್ತಿಪ್ಪತ್ತು ಸಲಕ್ಕೆ ಮುಂಗಡ ಹಣ ಕಟ್ಟಿಸಿಕೊಳ್ಳುವ ಕಡೆ ಹೋಗಬೇಡಿ. ಅಲ್ಲಿ ಕಳೆಯುವ ತಿಂಗಳುಗಳಲ್ಲೇ ಹುಣ್ಣು ಎಲುಬಿಗೆ ಇಳಿಯುತ್ತದೆ.

ಬೀಡಿ ಬಿಡದಿದ್ದರೆ ಏನಾಗುತ್ತದೆ? ಆಂಜಿಯೋಪ್ಲಾಸ್ಟಿ ಮಾಡಿದ್ದೇವಲ್ಲ?

ತೆರೆದ ನಾಳ ಬೇಗ ಮುಚ್ಚುತ್ತದೆ, ಕೊಟ್ಟ ಹಣ ನೀರಿಗೆ ಹೋಗುತ್ತದೆ. ಇಪ್ಪತ್ತೈದರಿಂದ ನಲವತ್ತೈದರ ಒಳಗಿನ ಗಂಡಸರಲ್ಲಿ ಬೆರಳು ಕಪ್ಪಾಗುವ ಬರ್ಜರ್ಸ್ ಕಾಯಿಲೆ ಬೀಡಿ ಸೇದುವ ಕಡೆಗಳಲ್ಲಿ ಹೆಚ್ಚು. ಅದರಲ್ಲಿ ಸಣ್ಣ ನಾಳಗಳೇ ಮುಚ್ಚುವುದರಿಂದ ಬೈಪಾಸ್ ಜೋಡಿಸಲು ಜಾಗವೇ ಸಿಗದಿರಬಹುದು. ತಂಬಾಕು ಪೂರ್ತಿ ಬಿಟ್ಟವರ ಕಾಲು ಬಹುಮಟ್ಟಿಗೆ ಉಳಿಯುತ್ತದೆ. ದಿನಕ್ಕೆ ಎರಡೇ ಬೀಡಿ, ಅಥವಾ ಬೀಡಿ ಬಿಟ್ಟು ಜಗಿಯುವ ಹೊಗೆಸೊಪ್ಪು ಎಂಬ ರಾಜಿ ಇಲ್ಲಿ ನಡೆಯುವುದಿಲ್ಲ. ಬಿಡಲು ಸಹಾಯ ಬೇಕಾದವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ.

ಡಿಸ್ಚಾರ್ಜ್ ಆಯಿತು. ಮುಂದಿನ ಒಂದು ವರ್ಷಕ್ಕೆ ಎಷ್ಟು ತೆಗೆದಿಡಬೇಕು?

ಮೊತ್ತ ಮನೆಮನೆಗೆ ಬೇರೆ, ಬಾಬತ್ತುಗಳು ಒಂದೇ. ಮಾತ್ರೆಗಳು ಜೀವನಪೂರ್ತಿ. ಬ್ಲಾಕ್ ತೆಗೆದಾಯಿತು ಎಂದು ಎರಡನೇ ತಿಂಗಳಿಗೆ ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲಿನ ಸ್ಟಾಟಿನ್ ಮಾತ್ರೆ ನಿಲ್ಲಿಸುವುದೇ ವಾಪಸು ಬರುವವರ ದೊಡ್ಡ ತಪ್ಪು. ಕೆಲವರಿಗೆ ಆಸ್ಪಿರಿನ್ ಜೊತೆ ರಿವರಾಕ್ಸಾಬಾನ್ 2.5 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುತ್ತಾರೆ. ಅದರ ಜನರಿಕ್ ಕೂಡ ಸಿಗುತ್ತದೆ, ಕಂಪನಿಯಿಂದ ಕಂಪನಿಗೆ ಬೆಲೆ ಬಹಳ ಬೇರೆ, ಕೇಳಿ ಕೊಳ್ಳಿ. ಇದರಿಂದ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ಹಲ್ಲು ಕೀಳಿಸುವ ಮೊದಲು ವೈದ್ಯರಿಗೆ ಹೇಳಬೇಕು.

ಒಂದು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಎಬಿಐ ಮತ್ತು ಡಾಪ್ಲರ್. ಬೈಪಾಸ್ ಆದವರಿಗೆ ಮೂರನೇ ತಿಂಗಳಲ್ಲೂ ಒಂದು. ಜೋಡಿಸಿದ ಸಿರೆ ಕಿರಿದಾಗುತ್ತಿರುವುದು ಡಾಪ್ಲರಿನಲ್ಲಿ ಮೊದಲೇ ಸಿಕ್ಕರೆ ಸಣ್ಣ ಬಲೂನಿನಲ್ಲಿ ಸರಿಯಾಗುತ್ತದೆ, ಪೂರ್ತಿ ಮುಚ್ಚಿದ ಮೇಲೆ ಸಿಕ್ಕರೆ ಇಡೀ ಆಪರೇಷನ್ನೇ ಹೊಸದಾಗಿ. ಹುಣ್ಣು ಇದ್ದವರು ಡ್ರೆಸ್ಸಿಂಗನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿಸಿಕೊಳ್ಳಲು ಚೀಟಿ ಬರೆಸಿಕೊಳ್ಳಿ, ದಿನ ಬಿಟ್ಟು ದಿನ ಮಂಗಳೂರಿಗೆ ಬರುವುದು ತಪ್ಪುತ್ತದೆ. ಎರಡು ಮೂರು ವಾರದಲ್ಲಿ ಹುಣ್ಣು ಸಣ್ಣದಾಗದಿದ್ದರೆ ಡ್ರೆಸ್ಸಿಂಗಿನ ಮುಲಾಮು ಬದಲಿಸುತ್ತಾ ಕೂರಬೇಡಿ, ರಕ್ತ ಹರಿಯುತ್ತಿದೆಯಾ ಎಂದು ಮತ್ತೆ ನೋಡಿಸಿ.

ಮೆತ್ತಗಿನ ಎಂಸಿಆರ್ ರಬ್ಬರಿನ, ಹಿಂದೆ ಪಟ್ಟಿ ಇರುವ ಒಂದು ಜೊತೆ ಚಪ್ಪಲಿ ಹೊರಗೆ, ಇನ್ನೊಂದು ಜೊತೆ ಮನೆಯೊಳಗೆ. ಪಾದ ನೋಡಲು ಒಂದು ಕೈಗನ್ನಡಿ. ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಕಣ್ಣು ಚೆನ್ನಾಗಿರುವ ಯಾರಾದರೂ ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಲಿ. ಉಗುರು ನೇರಕ್ಕೆ ಕತ್ತರಿಸಿ, ಆಣಿಯನ್ನು ಬ್ಲೇಡಿನಿಂದ ಕೆರೆಯಬೇಡಿ.